ಆಟಿಯಲ್ಲಿ ಮಾವಿನ ಬುಡಕ್ಕೆ ಔಷಧ

ಮಂಗಳೂರಿನ ನಂತೂರು, ಪದವು, ಕದ್ರಿ ಕಡೆಯ ಹಳೆಯ ಹಿತ್ತಿಲುಗಳಲ್ಲಿ ಮಾವಿನ ಮರದ ಮೇಲೆ ಒಂದೇ ದೂರು: ಒಂದು ವರ್ಷ ಗೊಂಚಲು ಗೊಂಚಲು ಕಾಯಿ, ಮರುವರ್ಷ ಬರೀ ಎಲೆ. ಮಳೆ ಮುಗಿದ ಮೇಲೆ ಹೂ ಬಿಡಬೇಕಾದ ಕೊಂಬೆ ಕೆಂಪು ಚಿಗುರು ಹಾಕಿ ಕೂರುತ್ತದೆ. ಆ ಚಿಗುರನ್ನು ತಡೆಯುವುದೇ ಪ್ಯಾಕ್ಲೊಬ್ಯುಟ್ರಜೋಲ್ ಕೆಲಸ. ಗಿಡದೊಳಗೆ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಾಗುವುದನ್ನು ಅದು ತಗ್ಗಿಸುತ್ತದೆ. ಅಂಗಡಿಯಲ್ಲಿ ಕಲ್ಟಾರ್ ಎಂದು ಕೇಳಿದರೆ ಗೊತ್ತಾಗುತ್ತದೆ.

ಕೊಂಕಣದ ಆಲ್ಫಾನ್ಸೊಗೆ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ಹೇಳುವ ಕಾಲ ಜುಲೈ 15ರಿಂದ ಆಗಸ್ಟ್ 15. ನಮ್ಮ ತುಳು ಲೆಕ್ಕದಲ್ಲಿ ಆಟಿ ತಿಂಗಳು. ಹವೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇಲ್ಲಿಗೂ ಅದೇ ಹೊಂದುತ್ತದೆ. ಆದರೆ ಧೋ ಎಂದು ಸುರಿಯುವ ದಿನ ಬೇಡ, ಮಳೆ ಬಿಡುವು ಕೊಟ್ಟಾಗ ಹಾಕಿ.

ಪ್ರಮಾಣ ನೋಡುವುದು ಕೊಂಬೆಗಳ ಹರವಿನಿಂದ. ಟೇಪು ಹಿಡಿದು ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣ ಅಳೆಯಿರಿ. ಒಂದು 5 ಮೀಟರ್, ಇನ್ನೊಂದು 7 ಬಂದರೆ ಸರಾಸರಿ 6. ಶೇ. 23ರ ದ್ರಾವಣ ಮೀಟರಿಗೆ 3 ಮಿ.ಲೀ.ಯಂತೆ 18 ಮಿ.ಲೀ. ಬೇಕು. ಬುಡದ ಕಳೆ ಕಿತ್ತು, ಹರವಿನ ಒಳಗೆ ಸುತ್ತಲೂ 10–12 ಸೆಂ.ಮೀ. ಆಳದ 25–30 ಗುಳಿ ಮಾಡಿ. ಔಷಧವನ್ನು 3ರಿಂದ 6 ಲೀಟರ್ ನೀರಿಗೆ ಬೆರೆಸಿ, ಗುಳಿಗಳಿಗೆ ಸಮನಾಗಿ ಹುಯ್ದು ಮಣ್ಣು ಮುಚ್ಚಿ.

10 ವರ್ಷ ದಾಟದ, ಗೊಬ್ಬರ ಕಾಣದ, ರೋಗ ಹಿಡಿದ ಮರಕ್ಕೆ ಮುಟ್ಟಿಸಲೇಬೇಡಿ. ಹೆಚ್ಚು ಹೂ ಹೊರಲು ಮರಕ್ಕೆ ತ್ರಾಣ ಬೇಕಲ್ಲ! ಔಷಧ ಮಣ್ಣಿನಲ್ಲಿ ಬಹಳ ಕಾಲ ಉಳಿಯುವುದರಿಂದ ಮರುವರ್ಷ ಅದೇ ಪ್ರಮಾಣ ಸುರಿಯಬಾರದು. ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತಗ್ಗಿಸಿ. ಮರ ಬಾವಿಯ ಪಕ್ಕದಲ್ಲಿದ್ದರೆ ನನ್ನ ಸಲಹೆ: ಕಾಯಿ ಕಡಿಮೆಯಾದರೂ ಸರಿ, ಬಿಟ್ಟುಬಿಡಿ. ಒಳಗಿನ ಕೊಂಬೆ ಸವರಿ ಬಿಸಿಲು ಬೀಳುವಂತೆ ಮಾಡಿದರೂ ಅರ್ಧ ಕೆಲಸ ಆದಂತೆ.

ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ ಗಿಡ್ಡವಾಗಿ ದಟ್ಟ ಹೂ ಹೊತ್ತ ಸೇವಂತಿಗೆ ಕುಂಡ ಕಂಡವರಿಗೆ, ಬಾಟಲಿಯಲ್ಲಿ ಉಳಿದದ್ದನ್ನು ಮನೆಯ ಕುಂಡಕ್ಕೂ ಹಾಕುವ ಆಸೆಯಾಗುತ್ತದೆ. ಕುಂಡದ ಮಣ್ಣಿಗೆ ಹುಯ್ಯುವುದಾದರೆ ಸೇವಂತಿಗೆಗೆ ಕೆಲವೇ ಪಿಪಿಎಂ ಸಾಕು. ಲೀಟರಿಗೆ 1 ಮಿ.ಲೀ. ಬೆರೆಸಿದರೂ ಸುಮಾರು 250 ಪಿಪಿಎಂ ಆಗಿಬಿಡುತ್ತದೆ. ಗಿಡ ಕುಗ್ಗಿ, ಎಲೆ ಒತ್ತೊತ್ತಾಗಿ ಮುದುಡಿ ನಿಲ್ಲುತ್ತದೆ. ಕುಂಡದ ಗಿಡಕ್ಕೆ ಮೊದಲು ತುದಿ ಚಿವುಟಿ ನೋಡಿ. ಮಲ್ಲಿಗೆಗಂತೂ ಕತ್ತರಿಯೇ ಸಾಕು, ಅದು ಮೊಗ್ಗು ಕೊಡುವುದೇ ಹೊಸ ಚಿಗುರಿನಲ್ಲಿ.