ಕುಡಿತದ ಲೆಕ್ಕಕ್ಕೆ ಬರೆದ ಸಾಲ

ತಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿಯಿಂದ (ಬಳ್ಳಿ ಸವರುವ ಕೆಲಸ) ಹಿಡಿದು ಬೇಸಿಗೆಯ ಮನೂಕ (ಒಣದ್ರಾಕ್ಷಿ) ಶೆಡ್ಡಿನವರೆಗೆ ಕೈಗೆ ಬಿಡುವಿರುವುದಿಲ್ಲ. ಕಡ್ಡಿ ಕತ್ತರಿಸಬೇಕು, ಗೊನೆ ಬಿಡಿಸಬೇಕು, ಗೊನೆಗಳನ್ನು ದ್ರಾವಣದಲ್ಲಿ ಅದ್ದುವ ಡಿಪ್ಪಿಂಗ್ ಆಗಬೇಕು, ಕೊಯ್ದ ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಹರವಬೇಕು. ಆ ದುಡಿಮೆ ನೆಚ್ಚಿ ಗಡಿಯಾಚೆಯ ಜತ್ತ ತಾಲೂಕಿನಿಂದ ಬಂದ ಕುಟುಂಬವೊಂದು ನಮ್ಮ ಅಣ್ಣನ ತೋಟದ ಪಕ್ಕದಲ್ಲಿ ಗುಡಿಸಲು ಹಾಕಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಆಡುವುದು ನಮ್ಮದೇ ಕನ್ನಡ, ಕಾಗದಪತ್ರವೆಲ್ಲ ಮಹಾರಾಷ್ಟ್ರದ್ದು. ನಾನು ವಿಜಯಪುರದಲ್ಲಿರುವ ನಿವೃತ್ತ ಶಿಕ್ಷಕಿ. ಅವರ ಹಿರಿಯ ಮಗ ಶಾಲೆ ಬಿಟ್ಟಿದ್ದನ್ನು ವಿಚಾರಿಸಲು ಹೋಗಿ ಆ ಮನೆಯ ಕಷ್ಟದೊಳಗೆ ಇಳಿದೆ.

ಗಂಡ ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದ. "ದುಡದದ್ದೆಲ್ಲಾ ಸೆರಿಗೇ ಹಾಕ್ಯಾನ್ರಿ, ಅದಕ್ಕ ಸಾಲ ಆಗೇತಿ" ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ಹೆಂಡತಿಯೂ ಹಾಗೇ ನಂಬಿದ್ದಳು, ಅವನೂ ನಂಬಿದ್ದ.

ನಾಲ್ಕು ದಿನ ಶೆಡ್ಡಿನಲ್ಲಿ ಕೂಡಿಹಾಕಿದರೆ ಚಟ ತಾನಾಗಿ ಬಿಡುತ್ತದೆ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಒಂದೆರಡು ದಿನದಲ್ಲಿ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರುತ್ತದೆ. ಆಮೇಲೆ ಇಲ್ಲದ್ದು ಕಾಣುವ ಸನ್ನಿ ಹಿಡಿಯಬಹುದು, ಪ್ರಾಣವೇ ಹೋಗಬಹುದು. ಅವನನ್ನು ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಒಳರೋಗಿಯಾಗಿ ಸೇರಿಸಿಕೊಂಡು ಥಯಾಮಿನ್ ಚುಚ್ಚುಮದ್ದು ಕೊಟ್ಟರು, ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಬಂದರು. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಯೊಂದನ್ನು ಹೆಂಡತಿ ಯಾರಿಂದಲೋ ತರಿಸಿಟ್ಟಿದ್ದಳು. ಅದನ್ನು ಬಿಸಾಕಿಸಿದೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ತಿಳಿಯದೆ ಅದರ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ.

ನಮ್ಮ ಕಡೆ ಚಟದ ಮಾತು ಬಂದಾಗ ಇಳಕಲ್ಲಿನ ಮಠಾಧೀಶರಾಗಿದ್ದ ಮಹಾಂತ ಅಪ್ಪಗಳ ನೆನಪಾಗದೆ ಇರದು. ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ನಿಮ್ಮ ದುಶ್ಚಟವನ್ನೇ ಭಿಕ್ಷೆ ಹಾಕಿರಿ ಎಂದು ಬೇಡಿದವರು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಊರವರ ಎದುರು ಕೊಟ್ಟ ಮಾತಿಗೆ ದೊಡ್ಡ ಬಲವಿದೆ, ನನಗೆ ಅದರಲ್ಲಿ ನಂಬಿಕೆಯೂ ಇದೆ. ಆದರೆ ವಲಸೆ ಬಂದವನಿಗೆ ಊರೆಲ್ಲಿ? ಮಾತು ಕೊಡಲು ಅವನಿಗೆ ತನ್ನವರು ಎಂಬವರೇ ಇಲ್ಲಿರಲಿಲ್ಲ. ಇದ್ದದ್ದು ಜೊತೆಗೆ ಕುಡಿಯುವ ಟೋಳಿ, ಉದ್ರಿ ಕೊಡುವ ಅಂಗಡಿ.

ಅವನು ಆಸ್ಪತ್ರೆಯಲ್ಲಿದ್ದಾಗ ನಾನೂ ಹೆಂಡತಿಯೂ ಕೂತು ಸಾಲವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಯಾರಿಗೆ, ಯಾವಾಗ, ಯಾತಕ್ಕೆ, ಬಡ್ಡಿ ಎಷ್ಟು. ಬರೆಯುತ್ತ ಬರೆಯುತ್ತ ಅವಳ ಮುಖವೇ ಬದಲಾಯಿತು. ಅರ್ಧಕ್ಕಿಂತ ಹೆಚ್ಚು ಸಾಲಕ್ಕೂ ಸೆರೆಗೂ ಸಂಬಂಧವೇ ಇರಲಿಲ್ಲ. ಬರಗಾಲದಲ್ಲಿ ಬತ್ತಿದ ಕೊಳವೆಬಾವಿ, ಅತ್ತೆಯ ಆಪರೇಷನ್, ಕೂಲಿಗೆ ಆಳು ಕರೆತರುವ ಮುಕಾದಮ ಮುಂಗಡವಾಗಿ ಕೊಟ್ಟ ಉಚಲು, ಆ ಉಚಲು ತೀರಿಸಲು ಸಂಘದ ಸಾಲ, ಸಂಘದ ವಾರದ ಕಂತಿಗೆ ಮತ್ತೊಂದು ಸಂಘ. ಮಳೆಗಾಲದಲ್ಲಿ ತೋಟದ ಕೆಲಸ ತೆಳುವಾದಾಗಲೂ ವಾರದ ಕಂತು ತೆಳುವಾಗುವುದಿಲ್ಲ. ಆ ತಿಂಗಳುಗಳಲ್ಲೇ ಅವನ ಕುಡಿತ ಏರಿತ್ತು. ಕುಡಿತ ಸಾಲವನ್ನು ಹೆಚ್ಚಿಸಿದ್ದು ನಿಜ, ಹುಟ್ಟಿಸಿದ್ದು ಮಾತ್ರ ಅದಲ್ಲ. ಇದು ತಿಳಿದ ಮೇಲೆ ಆ ಮನೆಯಲ್ಲಿ ಬೈಗುಳ ಕಡಿಮೆಯಾಯಿತು. ಸಾಲವೆಲ್ಲ ತನ್ನ ಪಾಪ ಎಂದುಕೊಂಡವನು ಅದನ್ನು ತೀರಿಸುವ ಯೋಚನೆಯನ್ನೇ ಮಾಡುವುದಿಲ್ಲ.

ಕೈಗಡ ಕೊಟ್ಟು ಒಂದೇ ಏಟಿಗೆ ಎಲ್ಲ ತೀರಿಸಿಬಿಡೋಣ ಎಂದವರಿಗೆ ನಾನು ಬೇಡವೆಂದೆ. ಅದು ಇನ್ನೊಂದು ಸಾಲವೇ. ಬದಲಿಗೆ ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಬಳಿ ಹೋದೆವು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಬಡ ಕುಟುಂಬದ ಸಾಲದ ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಸುಗ್ರೀವಾಜ್ಞೆ ಖಾಸಗಿ ಲೇವಾದೇವಿಯವರ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು ಇಟ್ಟಿತು. ಇದನ್ನು ಜಗಳವಾಡದೆ ಹೇಳಿದಾಗ ಒಬ್ಬರು ಕಂತು ಹಿಗ್ಗಿಸಿಕೊಟ್ಟರು, ಒಬ್ಬರು ಬಡ್ಡಿ ಬಿಟ್ಟರು. ಮುಕಾದಮ ಜಗ್ಗಲಿಲ್ಲ.

ಕಾಗದದ ತೊಡಕೇ ಬೇರೆ. 2023ರ ಜೂನ್‌ನಿಂದ ಕರ್ನಾಟಕದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಾರೆ. ಗಂಡನನ್ನು ನೋಡಲು ಆಸ್ಪತ್ರೆಗೆ ಬರುತ್ತಿದ್ದ ಇವಳು ಪಕ್ಕದ ಸೀಟಿನಲ್ಲೇ ಕೂತು ಟಿಕೆಟ್ ತೆಗೆಸಬೇಕಿತ್ತು. ಗೃಹಲಕ್ಷ್ಮಿಯ 2,000 ರೂಪಾಯಿಯೂ ಇಲ್ಲ. ಅದೇ ನೆಲ, ಅದೇ ಭಾಷೆ, ನಡುವೆ ಒಂದು ಗಡಿಗೆರೆ. ಇದು ನನಗೆ ಇಂದಿಗೂ ನೋವಿನ ಸಂಗತಿ. ಒಂದು ದೇಶ ಒಂದು ರೇಷನ್ ಕಾರ್ಡ್ ಇರುವುದರಿಂದ ಅಲ್ಲಿಯ ಕಾರ್ಡಿನ ಮೇಲೆ ಇಲ್ಲಿ ಧಾನ್ಯ ಸಿಕ್ಕಿತು. ಆಧಾರ್ ವಿಳಾಸ ಬದಲಿಸಿದ್ದೇವೆ, ಉಳಿದದ್ದು ನಡೆದಿದೆ.

ಆಸ್ಪತ್ರೆಯಿಂದ ಬಂದವನನ್ನು ಅದೇ ಗುಡಿಸಲಿಗೆ ಕಳಿಸಲು ಮನಸ್ಸಾಗದೆ ಬಬಲೇಶ್ವರದ ಹತ್ತಿರ ಬೇರೆ ತೋಟದಲ್ಲಿ ಕೆಲಸ ನೋಡಿದೆವು. ದೀಪಾವಳಿಗೆ ಮತ್ತೆ ಕುಡಿದ. ಹೆಂಡತಿ ಕುಸಿದು ಕೂತಳು. ಕಾಯಿಲೆ ಮರುಕಳಿಸುವುದು ಉಂಟು, ಕರೆದುಕೊಂಡು ಬನ್ನಿ ಎಂದರು ವೈದ್ಯರು. ಮರುದಿನವೇ ಹೋದರು. ನಡುರಾತ್ರಿ ದಿಗಿಲಾದರೆ ಮಾತಾಡಲು ಟೆಲಿ ಮಾನಸ್‌ನ 14416 ನಂಬರನ್ನು ಅವಳು ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡಿದ್ದಾಳೆ.

ಹೊಸ ತೋಟದವರು ಕೂಲಿಯನ್ನು ವಾರಕ್ಕೊಮ್ಮೆ ಅವಳ ಖಾತೆಗೇ ಹಾಕಲು ಒಪ್ಪಿದ್ದಾರೆ. ಈ ಚಾಟ್ನಿಗೆ ಗಂಡಹೆಂಡತಿ ಉಚಲು ತೆಗೆದುಕೊಂಡಿಲ್ಲ. ಮಗ ಶಾಲೆಗೆ ಹೋಗುತ್ತಿದ್ದಾನೆ. ಎರಡು ಸಂಘದ ಕಂತು, ಮುಕಾದಮನ ಬಾಕಿ ಇನ್ನೂ ಉಳಿದಿವೆ. ನೋಟ್‌ಬುಕ್ಕನ್ನು ಈಗ ಗಂಡನೇ ಬರೆಯುತ್ತಾನೆ.