ಪ್ರದರ್ಶನ ಇಲ್ಲದ ದಿನದ ಗಾಜಿನ ಮನೆ

ಹಟ್ಟಿಕೇರಿ, ಅವರ್ಸಾ, ಅಂಕೋಲೆ ಸುತ್ತ ಮದುವೆ ಫೋಟೋ ತೆಗೆದು ಬದುಕುವವನು ನಾನು. ನಮ್ಮಂಥವರನ್ನು ಜನ ಕರೆಯುವುದು ವಿಶೇಷ ಇದ್ದಾಗ ಮಾತ್ರ. ಮದುವೆ, ಗೃಹಪ್ರವೇಶ, ಉಪನಯನ, ಬಂಡಿಹಬ್ಬ, ಇಲ್ಲವೇ ಶಾಲೆಯ ಗ್ಯಾದರಿಂಗು. ಎಲ್ಲರೂ ಹೊಸ ಬಟ್ಟೆ ಉಟ್ಟು ನಿಂತಿರುತ್ತಾರೆ, ನಾವು ಕ್ಲಿಕ್ ಮಾಡುತ್ತೇವೆ. ಆಷಾಢ ಬಂತೆಂದರೆ ಕೆಲಸ ನಿಲ್ಲುತ್ತದೆ. ಹೊರಗೆ ಧೋ ಎಂದು ಸುರಿಯುವ ಮಳೆ, ಒಳಗೆ ಲೆನ್ಸಿಗೆ ಹಿಡಿಯುವ ಫಂಗಸ್ಸು. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬದಲ್ಲಿ ಮುಚ್ಚಿಟ್ಟರೂ ಕಡಲ ಪಕ್ಕದ ಊರಿನಲ್ಲಿ ಅದನ್ನು ಪೂರ್ತಿ ತಡೆಯಲಾಗುವುದಿಲ್ಲ.

ಅಂಥದೊಂದು ಆಷಾಢದಲ್ಲಿ ಜೂಮ್ ಲೆನ್ಸನ್ನು ಸ್ವಚ್ಛ ಮಾಡಿಸಲು ಬೆಂಗಳೂರಿಗೆ ಹೋಗಿದ್ದೆ. ನಾಳೆ ಮಧ್ಯಾಹ್ನ ಬನ್ನಿ ಅಂದರು. ಊರಿಗೆ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಹೊರಡುವುದು ಸಂಜೆ. ಹಾಗಾಗಿ ಮರುದಿನ ಬೆಳಗಿನಿಂದ ಕೈಯಲ್ಲಿ ಸಮಯವಿತ್ತು, ಚೀಲದಲ್ಲಿ ಒಂದೇ ಒಂದು 50 ಎಂಎಂ ಲೆನ್ಸ್ ಇತ್ತು. ಬಸವನಗುಡಿ, ಅಲ್ಲಿಂದ ಲಾಲ್‌ಬಾಗ್ ಎಂದು ನಿಶ್ಚಯಿಸಿದೆ.

ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದು ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಬಸವನಗುಡಿ 1898ರ ಪ್ಲೇಗಿನ ಆಸುಪಾಸಿನಲ್ಲಿ ಯೋಜನೆ ಹಾಕಿ ಕಟ್ಟಿದ ಬಡಾವಣೆ. ಗಾಳಿ ಬೆಳಕು ಆಡಲಿ ಎಂದು ಬೀದಿಗಳನ್ನು ನೇರವಾಗಿ ಎಳೆದರು. ಫೋಟೋ ತೆಗೆಯುವವನಿಗೆ ಅದು ಇಂದಿಗೂ ವರದಾನ. ಬೆಳಗಿನ ಬೆಳಕು ಬೀದಿಯ ಆ ತುದಿಯಿಂದ ಈ ತುದಿಗೆ ಅಡ್ಡಿಯಿಲ್ಲದೆ ಬರುತ್ತದೆ. ಉಳಿದಿರುವ ಹಳೆಯ ಮನೆಗಳಲ್ಲಿ ಮಂಗಳೂರು ಹಂಚು, ಕಿಟಕಿಯ ಮೇಲೆ ಮರದ ಪಟ್ಟಿಯ ಚೂಪು ಮುಸುಕು, ಜಗಲಿಯಲ್ಲಿ ಕೆಂಪು ನೆಲ. ಪಕ್ಕದಲ್ಲೇ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದೆ, ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. 1943ರಿಂದ ನಡೆಯುತ್ತಿರುವ ಆ ಹೋಟೆಲಿನಲ್ಲಿ ಮೊಳಕೈವರೆಗೂ ದೋಸೆ ತಟ್ಟೆ ಜೋಡಿಸಿ ತರುವವರ ಚಿತ್ರ ಎಲ್ಲರ ಬಳಿಯೂ ಇದೆ.

ನಾನು ಹೆಚ್ಚು ಹೊತ್ತು ನಿಂತದ್ದು ಹೂವಿನ ಸಾಲಿನಲ್ಲಿ. ಅರವತ್ತು ದಾಟಿದ ಒಬ್ಬ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದರು. ಕೇಳಿಯೇ ತೆಗೆಯುವುದು ನನ್ನ ರೂಢಿ. "ಅಮ್ಮಾ, ನಿಮ್ಮ ಕೈಯದೊಂದು ಫೋಟೋ ತೆಗೀಲಾ?" ಅಂದೆ.

"ಇವತ್ತೇನಿದೆ ಸಾರ್ ತೆಗೆಯೋಕೆ? ಆಷಾಢ. ವ್ಯಾಪಾರಾನೇ ಇಲ್ಲ. ವರಮಾಲಕ್ಷ್ಮಿ ಹಬ್ಬಕ್ಕೆ ಬನ್ನಿ, ನಿಲ್ಲೋಕೆ ಜಾಗ ಇರಲ್ಲ."

"ಆವಾಗ ಬಂದ್ರೆ ಬರೀ ಜನ ಕಾಣ್ತಾರೆ, ನೀವು ಕಟ್ಟೂದು ಕಾಣೂದಿಲ್ಲ."

ನಕ್ಕರು. "ತೆಗ್ದುಕೊಳ್ಳಿ, ಹೂವಿಗೇನೂ ದೃಷ್ಟಿ ಆಗಲ್ಲ" ಅಂದರು.

ಎರಡು ಮೊಗ್ಗಿನ ಮುಖ ಆಚೆ, ಎರಡರದ್ದು ಈಚೆ. ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ತೊಟ್ಟುಗಳನ್ನು ಒತ್ತಿ ಹಿಡಿದು, ಬಲಗೈಯಲ್ಲಿ ದಾರ ಒಂದು ಸುತ್ತು, ಬೆರಳ ತುದಿಯಲ್ಲಿ ಒಂದು ಕುಣಿಕೆ, ಒಂದು ಎಳೆತ. ನಮ್ಮ ಕಡೆ ನೀರಿನಲ್ಲಿ ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಾರೆ, ಕೈ ನಿಧಾನ. ಇಲ್ಲಿ ಹತ್ತಿ ದಾರ, ಕೈ ಮಿಂಚು. ಸೆಕೆಂಡಿನ 250ನೇ ಒಂದು ಭಾಗಕ್ಕೆ ಶಟರ್ ಇಟ್ಟಾಗ ಬೆರಳು ಗಕ್ಕನೆ ನಿಂತವು, ಆದರೆ ಕೆಲಸವೂ ನಿಂತ ಹಾಗೆ ಕಂಡಿತು. 30ನೇ ಒಂದು ಭಾಗಕ್ಕೆ ಇಳಿಸಿ, ಮೊಣಕೈಯನ್ನು ಮೊಣಕಾಲಿಗೆ ಊರಿ ತೆಗೆದೆ. ಎಡಗೈ ಸ್ಪಷ್ಟ, ಬಲಗೈ ಮಸುಕು, ದಾರ ಗಾಳಿಯಲ್ಲಿ ಒಂದು ಬಿಳಿ ಗೆರೆ. ಹಬ್ಬದ ನೂಕುನುಗ್ಗಲಿನಲ್ಲಿ ಹೀಗೆ ಕುಕ್ಕರಗಾಲಿನಲ್ಲಿ ಕೂತು ಬೆಳಕು ಅಳೆಯಲು ಯಾರೂ ಬಿಡುವುದಿಲ್ಲ.

ಅಲ್ಲಿಂದ ಲಾಲ್‌ಬಾಗ್. ಗಾಜಿನ ಮನೆ ಎಂದರೆ ನಮ್ಮ ಊರಿನವರಿಗೆಲ್ಲ ನೆನಪಾಗುವುದು ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ. ಆಗ ಒಳಗೆ ಹೂವಿನದೇ ದೊಡ್ಡ ಪ್ರತಿಕೃತಿ, ಅದರ ಸುತ್ತ ಸಾವಿರ ಮೊಬೈಲು. ಕಟ್ಟಡ ಕಾಣುವುದೇ ಇಲ್ಲ. ಪ್ರದರ್ಶನ ಇಲ್ಲದ ದಿನ ಒಳಗೆ ಬಿಡದಿದ್ದರೂ ಬೇಸರ ಬೇಡ, ಪಕ್ಕಗಳು ತೆರೆದೇ ಇರುವುದರಿಂದ ಅಂಚಿನಲ್ಲಿ ನಿಂತರೂ ಆಚೆ ಬದಿಯವರೆಗೆ ಕಾಣುತ್ತದೆ. ಬರಿದಾಗಿದ್ದಾಗಲೇ ಆ ಕಬ್ಬಿಣದ ಕಂಬಗಳ ಸಾಲು, ಕಂಬದ ತಲೆಯಿಂದ ಹೊರಡುವ ಬಳ್ಳಿಯಂಥ ಬಾಗು, ಅದರ ಮೇಲೆ ಹೊದೆಸಿದ ಗಾಜು ಮನಸ್ಸಿಗೆ ಇಳಿಯುವುದು.

1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ. ಆಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ಎರಕದ ಭಾಗಗಳು ಬಂದದ್ದು ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಾಸೆನ್ ಫೌಂಡ್ರಿಯಿಂದ. 1935ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕಟ್ಟಡ ಬೆಳೆಯಿತು, ಆಗ ನಮ್ಮ ಭದ್ರಾವತಿಯ ಕಬ್ಬಿಣ ಬಂತು. ಸ್ಕಾಟ್ಲೆಂಡಿನ ಎರಕವೂ ಮಲೆನಾಡಿನ ಕಬ್ಬಿಣವೂ ಒಂದೇ ಸೂರಿನಡಿ ನಿಂತಿವೆ ಎಂಬುದು ನನಗೆ ಯಾವ ಹೂವಿನ ಗೋಪುರಕ್ಕಿಂತಲೂ ದೊಡ್ಡ ಸಂಗತಿ.

ಬೆಳಕಿನ ಪಾಠ ಸಿಕ್ಕಿದ್ದೂ ಇಲ್ಲೇ. ಮಳೆಗಾಲದ ಮದುವೆಗೆ ನಮ್ಮಲ್ಲಿ ಚಪ್ಪರದ ಮೇಲೆ ನೀಲಿ ತಾಡಪತ್ರೆ ಹಾಕುತ್ತಾರೆ, ಮದುಮಗಳ ಮುಖ ನೀಲಿಯಾಗುತ್ತದೆ. ಗಾಜಿನ ಮನೆಯಲ್ಲಿ ಮೇಲಿನಿಂದ ಬರುವ ಬೆಳಕು ಬಿಳಿ, ಸುತ್ತಲಿನ ಹುಲ್ಲುಹಾಸು ಮರಗಳಿಂದ ಎಗರಿ ಬರುವುದು ಹಸಿರು. ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ಅದು ಒಂದು ಚಿತ್ರದಲ್ಲಿ ಬಿಳಿಯನ್ನು ನಂಬುತ್ತದೆ, ಇನ್ನೊಂದರಲ್ಲಿ ಹಸಿರನ್ನು. ಪಂಚೆಯ ತುಂಡೊಂದನ್ನು ಬ್ಯಾಗಿನಲ್ಲಿ ಸದಾ ಇಟ್ಟಿರುತ್ತೇನೆ. ಅದನ್ನು ಅಂಚಿನ ಬೆಳಕಿಗೆ ಹಿಡಿದು, ಅದೇ ಬಿಳಿ ಎಂದು ಕ್ಯಾಮೆರಾಕ್ಕೆ ತಿಳಿಸಿ, ಆಮೇಲೆ ತೆಗೆದ ಚಿತ್ರಗಳಲ್ಲಿ ಬಣ್ಣ ನೆಟ್ಟಗೆ ನಿಂತಿತು. ಗಾಜಿನಾಚೆಯ ಆಕಾಶ ಬೆಳ್ಳಗೆ ಸುಟ್ಟುಹೋಗದಂತೆ ಒಂದು ಸ್ಟಾಪ್ ಕಡಿಮೆ ಇಟ್ಟೆ. ಮೋಡ ಮುಸುಕಿದ್ದರಿಂದ ನೆರಳೂ ಗಡಸಾಗಿರಲಿಲ್ಲ. 50 ಎಂಎಂನಲ್ಲಿ ಹತ್ತಿರದಿಂದ ಇಡೀ ಮನೆ ಹಿಡಿಯುವುದಿಲ್ಲ, ಆದ್ದರಿಂದ ಒಂದೊಂದೇ ಕಮಾನು, ಒಂದೊಂದೇ ಕಂಬ ತೆಗೆದೆ. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದರೆ ಕಂಬಗಳು ಒಳಕ್ಕೆ ವಾಲುತ್ತವೆ. ಹಿಂದೆ ಸರಿದು ಮಟ್ಟಸವಾಗಿ ಹಿಡಿದರೆ ನೆಟ್ಟಗಿರುತ್ತವೆ. ಟ್ರೈಪಾಡ್ ಒಯ್ಯುವವರು ಗೇಟಿನಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮಧ್ಯಾಹ್ನ ಲೆನ್ಸ್ ತೆಗೆದುಕೊಂಡು, ಬೆಳಗಿನ ಚಿತ್ರವೊಂದರ ಪ್ರಿಂಟು ಹಾಕಿಸಿ, ರೈಲಿಗೆ ಮೊದಲು ಮತ್ತೆ ಗಾಂಧಿ ಬಜಾರಿಗೆ ಹೋದೆ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪ್ರಿಂಟು ಹಿಡಿದರು, ಹಿಂದೆ ಮುಂದೆ ತಿರುಗಿಸಿದರು. "ನನ್ನ ಮುಖ ಎಲ್ಲಿ ಸಾರ್?" ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಕೈ ನನ್ನ ಸಂತೋಷಕ್ಕೆ, ಮುಖ ಅವರ ಮನೆಯವರಿಗೆ. ಸೆರಗು ಸರಿಮಾಡಿಕೊಂಡು ಕೂತರು. ತೆಗೆದೆ, ಊರಿನಿಂದ ಪ್ರಿಂಟು ಕಳಿಸಿದೆ.

ಅಂದಿನಿಂದ ನಾನು ವಿಶೇಷ ಇಲ್ಲದ ದಿನವೂ ಕ್ಯಾಮೆರಾ ಹಿಡಿದು ಹೊರಡುತ್ತೇನೆ. ಅದಕ್ಕೆ ಕಾರಣವೂ ನಮ್ಮೂರಲ್ಲೇ ಇದೆ. ಹೆದ್ದಾರಿ 66 ಚತುಷ್ಪಥವಾದಾಗ ಇಲ್ಲಿನ ರಸ್ತೆಬದಿಯ ಮರಗಳು, ಅಂಗಡಿಗಳು, ಮನೆಯ ಮುಂಭಾಗಗಳು ಹೋದವು. ಈಗ ಹಟ್ಟಿಕೇರಿಯಲ್ಲಿ ಟೋಲ್ ನಾಕಾ ಇದೆ. ತಮ್ಮ ಹಳೆಯ ಅಂಗಡಿಯ ಫೋಟೋ ಇದೆಯೇ ಎಂದು ಕೇಳಿಕೊಂಡು ಬರುವವರಿಗೆ ನಾನು ಹುಡುಕಿ ಕೊಡುವುದು ಯಾರದೋ ಮದುವೆಯ ದಿಬ್ಬಣ. ಅಂಗಡಿ ಅದರಲ್ಲಿ ಮದುಮಗನ ಭುಜದ ಹಿಂದೆ ಮಸುಕಾಗಿ ನಿಂತಿರುತ್ತದೆ. ಖಾಲಿ ದಿನದಲ್ಲಿ ಅದನ್ನು ಯಾರೂ ತೆಗೆದಿರಲಿಲ್ಲ.

ಕಾರವಾರದ ಕೋಡಿಬಾಗ, ಕಾಜುಬಾಗಗಳಲ್ಲಿ, ಅಂಕೋಲೆಯ ಒಳಕೇರಿಗಳಲ್ಲಿ ಹಂಚಿನ ಮನೆಗಳು ಇನ್ನೂ ಇವೆ. ನಿಮ್ಮ ಕೈಯಲ್ಲಿರುವುದು ಮೊಬೈಲೇ ಆಗಲಿ, ಒಂದು ಸಾದಾ ಮಂಗಳವಾರ ಬೆಳಿಗ್ಗೆ ನಿಮ್ಮ ಕೇರಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಿರಿ. ಮನೆಯವರನ್ನು ಕೇಳಿ ತೆಗೆಯಿರಿ. ತಾರೀಖು, ಜಾಗ ಬರೆದಿಡಿ. ಒಂದು ಪ್ರಿಂಟು ಆ ಮನೆಗೇ ಕೊಡಿ.