ಖಾಲಿಯಾಗುವ ಮೊದಲೇ ಇಂಕು ತುಂಬಿಸಿ

ಪ್ರಿಂಟರಿನ ಕಾರ್ಟ್ರಿಡ್ಜ್‌ಗೆ ಮನೆಯಲ್ಲೇ ಇಂಕು ತುಂಬಿಸಿದರೆ ದುಡ್ಡು ಉಳಿಯುತ್ತದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಮನೆಬಳಕೆಯ ಎಷ್ಟೋ ಸಣ್ಣ ಕಾರ್ಟ್ರಿಡ್ಜ್‌ಗಳಲ್ಲಿ 10 ಮಿ.ಲೀ. ಇಂಕೂ ಇರುವುದಿಲ್ಲ. ಅಂಥ ಒಂದರ ಬೆಲೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 100 ಮಿ.ಲೀ. ಬಾಟಲಿ ಕೊಂಡರೂ ಚಿಲ್ಲರೆ ಮಿಗುತ್ತದೆ. ಈ ಲೆಕ್ಕ ಸುಳ್ಳೇನಲ್ಲ, ಆದರೆ ಅರ್ಧ ಮಾತ್ರ. ರೀಫಿಲ್ ಮಾಡುತ್ತಾ ನನಗೆ ಮನವರಿಕೆಯಾದದ್ದು ಇಷ್ಟು: ಎಷ್ಟು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಬಾಟಲಿಯ ಬೆಲೆಗಿಂತ ಹೆಚ್ಚಾಗಿ ಪ್ರಿಂಟ್ ಹೆಡ್‌ನ ಆಯುಷ್ಯ. ಒಂದೇ ಸಲ ತುಂಬಿಸಿದ ಮೇಲೆ ಹೆಡ್ ಕೈಕೊಟ್ಟರೆ ಸಿರಿಂಜು, ಬಾಟಲಿ, ಪಟ್ಟ ಪಾಡು ಎಲ್ಲವೂ ದಂಡ. ಅದೇ ಹೆಡ್ ಹಲವು ಸಲ ಬಾಳಿಕೆ ಬಂದರೆ ಪುಟವೊಂದರ ಇಂಕಿನ ಖರ್ಚು ಪೈಸೆಗಳಿಗೆ ಇಳಿಯುತ್ತದೆ.

ಎಚ್‌ಪಿ, ಕ್ಯಾನನ್ ಕಂಪನಿಗಳ ಅಗ್ಗದ ಮಾದರಿಗಳಲ್ಲಿ ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಸೇರಿಕೊಂಡಿರುತ್ತದೆ. ಅದರ ತಳದ ನುಣುಪು ಪಟ್ಟಿಯಲ್ಲಿ ಕೂದಲಿಗಿಂತ ಸಣ್ಣ ರಂಧ್ರಗಳ ಸಾಲಿದೆ. ಒಂದೊಂದು ರಂಧ್ರದ ಹಿಂದೆಯೂ ಒಂದು ಪುಟ್ಟ ಹೀಟರ್. ಅದು ಕ್ಷಣಮಾತ್ರದಲ್ಲಿ ಕಾದು ಇಂಕಿನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆ ಹನಿಯನ್ನು ಕಾಗದಕ್ಕೆ ಚಿಮ್ಮಿಸುತ್ತದೆ. ಹೀಟರ್ ಮಿತಿಮೀರಿ ಕಾಯದಂತೆ ತಡೆಯುವುದೂ ಅದೇ ಇಂಕು. ಇಂಕು ಬತ್ತಿದ ಮೇಲೂ ಪ್ರಿಂಟ್ ಕೊಡುತ್ತಾ ಹೋದರೆ ಹೀಟರ್ ಸುಟ್ಟುಹೋಗುತ್ತದೆ. ಆಮೇಲೆ ಎಂಥ ಒಳ್ಳೆಯ ಇಂಕು ಹಾಕಿದರೂ ಪ್ರಯೋಜನವಿಲ್ಲ. ಹಾಗಾಗಿ ಅಕ್ಷರ ಮಸುಕಾಗುವ ತನಕ ಕಾದು, ಕೊನೆಯ ಹನಿಯನ್ನೂ ಹಿಂಡಿ, ಆಮೇಲೆ ತುಂಬಿಸುವ ಜಿಪುಣತನವೇ ಹೆಚ್ಚಿನ ಕಾರ್ಟ್ರಿಡ್ಜ್‌ಗಳನ್ನು ಕೊಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಆದರೆ ಇಂಕು ಎಷ್ಟಿದೆ ಎಂದು ತಿಳಿಯುವುದು ಹೇಗೆ? ಇಂಥ ಮಾದರಿಗಳ ಪರದೆಯಲ್ಲಿ ಕಾಣುವ ಮಟ್ಟ ಸಾಮಾನ್ಯವಾಗಿ ಚಿಮ್ಮಿದ ಹನಿಗಳ ಅಂದಾಜು ಮಾತ್ರ, ಅಳತೆಯಲ್ಲ. ತುಂಬಿಸಿದ ಮೇಲೂ ಅದು ಖಾಲಿ ಎಂದೇ ತೋರಿಸುತ್ತಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಆ ಎಚ್ಚರಿಕೆಯನ್ನು ಬದಿಗೊತ್ತಿ ಪ್ರಿಂಟ್ ತೆಗೆಯಬಹುದು, ಆದರೆ ಆಗ ನಮಗೆ ಬೇರೆ ಅಳತೆ ಬೇಕಾಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತುಂಬಿದ ಕಾರ್ಟ್ರಿಡ್ಜ್‌ನ ತೂಕವನ್ನು ಅದರ ಬೆನ್ನ ಮೇಲೆ ಬರೆದಿಡಿ. ಒಂದು ಮಿ.ಲೀ. ಇಂಕು ಹೆಚ್ಚುಕಡಿಮೆ ಒಂದು ಗ್ರಾಂ. ಒಳಗಿನ ಇಂಕು ಅರ್ಧಕ್ಕಿಂತ ತುಸು ಹೆಚ್ಚು ಇಳಿದಾಗ ತುಂಬಿಸಿಬಿಡಿ.

ತುಂಬಿಸುವ ಕೆಲಸದಲ್ಲಿ ಅವಸರ ಸಲ್ಲದು. ಮೇಲಿನ ಲೇಬಲ್ ಸುಲಿದರೆ ಸಣ್ಣ ತೂತುಗಳು ಕಾಣುತ್ತವೆ, ಒಳಗೆ ಸ್ಪಂಜು. ಬಣ್ಣದ ಕಾರ್ಟ್ರಿಡ್ಜ್‌ನಲ್ಲಿ ಯಾವ ತೂತು ಯಾವ ಬಣ್ಣದ್ದು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಆದ್ದರಿಂದ ಟೂತ್‌ಪಿಕ್ ಅದ್ದಿ ನೋಡದೆ ಸೂಜಿ ಇಳಿಸಬೇಡಿ. ರಭಸದಿಂದ ಒತ್ತಿದರೆ ಸ್ಪಂಜಿನಲ್ಲಿ ಗಾಳಿ ಸಿಕ್ಕಿಕೊಂಡು ಪ್ರಿಂಟಿನಲ್ಲಿ ಬಿಳಿ ಗೆರೆ ಬರುತ್ತದೆ. ತೂತಿನ ಬಾಯಲ್ಲಿ ಇಂಕು ಜಿನುಗಿದೊಡನೆ ನಿಲ್ಲಿಸಿ, ಒಂದಿಷ್ಟು ವಾಪಸ್ ಎಳೆದುಕೊಂಡು, ತಳವನ್ನು ಮಡಿಸಿದ ಟಿಶ್ಯೂ ಮೇಲೆ ಒತ್ತಿ ಹಿಡಿಯಬೇಕು. ಅಲ್ಲಿ ಅಚ್ಚುಕಟ್ಟಾದ ಗೆರೆ ಮೂಡಿದರೆ ರಂಧ್ರಗಳು ತೆರೆದಿವೆ ಎಂದರ್ಥ.

ಹೊರಗಿನ ಇಂಕು ಕಳಪೆ ಎನ್ನುವ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕಪ್ಪು ಕಾರ್ಟ್ರಿಡ್ಜ್‌ಗಳಲ್ಲಿ ಹೆಚ್ಚಾಗಿ ಪಿಗ್ಮೆಂಟ್ ಇಂಕು ಇರುತ್ತದೆ, ನೀರು ತಾಗಿದರೂ ಅದು ಸುಲಭಕ್ಕೆ ಹರಡುವುದಿಲ್ಲ. ಅದರ ಜಾಗದಲ್ಲಿ ಅಗ್ಗವೆಂದು ಡೈ ಇಂಕು ತುಂಬಿಸಿದರೆ, ಮಳೆಗಾಲದಲ್ಲಿ ತಾಲ್ಲೂಕು ಕಚೇರಿಗೆ ಒಯ್ದ ಅರ್ಜಿಯ ಅಕ್ಷರ ಕದಡಿಹೋದೀತು. ಎರಡನ್ನೂ ಬೆರೆಸಿದರೆ ಗಷ್ಟು ಕಟ್ಟಿ ರಂಧ್ರ ಮುಚ್ಚಬಹುದು. ಹಾಗಾಗಿ ಬಾಟಲಿ ಕೊಳ್ಳುವಾಗ ನೋಡಬೇಕಾದ್ದು ಮೊದಲು ಜಾತಿ, ಆಮೇಲೆ ಬೆಲೆ. ಗೋಡೆಗೆ ತೂಗುಹಾಕುವ ಫೋಟೊಗೆ ಹೊರಗಿನ ಇಂಕು ಬೇಡ, ಬೇಗ ಬಣ್ಣಗೆಡುತ್ತದೆ. ಮಕ್ಕಳ ಪ್ರಾಜೆಕ್ಟಿಗೆ, ಪಹಣಿಯ ಪ್ರತಿಗೆ, ನೋಟ್ಸಿಗೆ ಧಾರಾಳವಾಗಿ ಸಾಕು. ಇನ್ನು ಕಂಪನಿಯ ಹಕ್ಕಿನ ಪ್ರಶ್ನೆ. ಲೇಸರ್ ಟೋನರ್ ಕಾರ್ಟ್ರಿಡ್ಜ್‌ಗಳ ಕುರಿತ ಲೆಕ್ಸ್‌ಮಾರ್ಕ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ, ಒಮ್ಮೆ ಮಾರಿದ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಚಲಾಯಿಸುವಂತಿಲ್ಲ ಎಂದಿತು. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯಿಸದು, ಆದರೂ ಅದರ ತರ್ಕ ನನಗೆ ನ್ಯಾಯವೆನಿಸುತ್ತದೆ: ದುಡ್ಡು ಕೊಟ್ಟು ಕೊಂಡ ಡಬ್ಬಿಗೆ ಏನು ತುಂಬಬೇಕೆಂಬುದು ಕೊಂಡವರ ಇಷ್ಟ. ಆದರೆ ಹೊರಗಿನ ಇಂಕಿನಿಂದ ಆದ ಹಾನಿಗೆ ವಾರಂಟಿ ಸಿಗದಿರಬಹುದು. ಆದ್ದರಿಂದ ವಾರಂಟಿ ಮುಗಿಯುವವರೆಗೆ ಕಾಯುವುದು ಮೇಲು.

ರೀಫಿಲ್ ಎಲ್ಲರಿಗೂ ಲಾಭವಲ್ಲ. ಬಳಸದೆ ಬಿಟ್ಟ ಹೆಡ್ ಒಣಗುತ್ತದೆ, ಅದನ್ನು ತೆರೆಸಲು ಮತ್ತೆಮತ್ತೆ ಕ್ಲೀನಿಂಗ್ ಕೊಟ್ಟರೆ ತುಂಬಿಸಿದ ಇಂಕೆಲ್ಲ ಅದಕ್ಕೇ ಹೋಗುತ್ತದೆ. ತಿಂಗಳಿಗೆ ನಾಲ್ಕು ಹಾಳೆ ಬೇಕಾದವರಿಗೆ ಬೀದಿಯ ಜೆರಾಕ್ಸ್ ಅಂಗಡಿಯೇ ಅಗ್ಗ. ಹೊಸದಾಗಿ ಪ್ರಿಂಟರ್ ಕೊಳ್ಳುವವರು, ಬಳಕೆ ಹೆಚ್ಚಿದ್ದರೆ, ಇಂಕ್ ಟ್ಯಾಂಕ್ ಮಾದರಿಯನ್ನೇ ನೋಡಲಿ. ಜನ ತಾವೇ ಹೊರಗಿನಿಂದ ಡಬ್ಬಿ, ಕೊಳವೆ ಜೋಡಿಸಿಕೊಂಡು ಪ್ರಿಂಟರ್ ಓಡಿಸುತ್ತಿದ್ದ ಇಂಡೊನೇಷ್ಯಾದಲ್ಲೇ ಎಪ್ಸನ್ 2010ರಲ್ಲಿ ಮೊದಲು ಅದನ್ನು ಮಾರಿದ್ದು. ಬಾಟಲಿಯಿಂದ ತುಂಬಿಸುವ ಪದ್ಧತಿಯನ್ನು ಕಂಪನಿಯೇ ಒಪ್ಪಿಕೊಂಡ ಹಾಗಾಯಿತು. ಆ ಪ್ರಿಂಟರಿಗೂ ಹೆಡ್ ಒಣಗುವ ಕಾಟ ತಪ್ಪಿದ್ದಲ್ಲ. ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಪುಟವನ್ನು ಅದರಲ್ಲೂ ತೆಗೆಯಲೇಬೇಕು.